ಮೂವತ್ತೆರಡು ಚಿಪ್ಪಿನ ಪರದೆ

"ಯಮನೂರಿ, ಆ ಹಗ್ಗ ಬಿಡು! ಇವತ್ತಿಂದ ನೀ ಅದನ್ನ ಮುಟ್ಟೂದು ಬ್ಯಾಡ!" ಎಂದು ತಿರಕಪ್ಪ ಮಾವ ಎದೆಯುಬ್ಬಿಸಿ ಗುಂಡಿ ಒತ್ತಿದ.

ಆರು ವರ್ಷದಿಂದ ಈ ನಾಟಕ ಕಂಪನಿಯ ಪರದೆ ಎಳೆದು ನನ್ನ ಅಂಗೈ ಎಮ್ಮೆ ಚರ್ಮವಾಗಿದೆ. ಆ ಹಗ್ಗವೇ ನನ್ನ ಅನ್ನ. ಅದನ್ನು ಕಸಿಯಲು ಯಂತ್ರ ಮಾಡಿದವನು ಯಾವ ಪರದೇಶಿಯೂ ಅಲ್ಲ, ನನ್ನ ಸ್ವಂತ ಸೋದರಮಾವ! ಹಾರ್ಮೋನಿಯಂ, ಮೈಕು ರಿಪೇರಿ ಮಾಡಿಕೊಂಡಿದ್ದವನಿಗೆ ಈಗ ವಿಜ್ಞಾನಿಯಾಗುವ ಹುಕಿ.

ಮೋಟಾರು ಗುಂಯ್ ಎಂದಿತು. ಪರದೆ ಒಂದು ಗೇಣು ಮೇಲೇರಿ ನಿಂತುಬಿಟ್ಟಿತು. ಒಳಗಿದ್ದ ರಾಜ, ರಾಣಿ, ಮಂತ್ರಿಯ ಪಾದಗಳಷ್ಟೇ ಕಂಡವು.

"ಏನೋ ತಿರಕ್ಯಾ, ಚಪ್ಪಲ್ ಅಂಗಡಿ ತೋರಸಾಕತ್ತೀಯೇನು?" ಎಂದರು ಮಾಲೀಕ ಫಕ್ಕೀರಪ್ಪನವರು.

ಮಾವ ಡಬ್ಬಿ ತೆರೆದ. ಒಳಗೆ ಹೆಬ್ಬೆರಳಿನ ಉಗುರಿನಷ್ಟು ಕರಿ ಎಲೆಕ್ಟ್ರಾನಿಕ್ ಚಿಪ್ಪು, ಅದಕ್ಕೆ ಹದಿನಾರು ಕಾಲು. "ಮೋಟಾರಿಗೆ ಕರೆಂಟ್ ಹಾಯಿಸೂದು ಇದರ ಕೆಲಸ್ರಿ. ಪಾಪ, ಇದರೊಳಗಿನ ಟ್ರಾನ್ಸಿಸ್ಟರಿಗೆ ಅಷ್ಟು ಕರೆಂಟ್ ಹೊರೂ ತಾಕತ್ತಿಲ್ಲ. ಇದರ ಬೆನ್ನ ಮ್ಯಾಲೆ ಇನ್ನೊಂದು ಕುಂದರಸ್ತೀನಿ, ಕಾಲಿಗೆ ಕಾಲು ಬೆಸೀತೀನಿ. ತಾಕತ್ತು ಡಬಲ್!"

"ಎರಡೂ ಸಮ ಹೊರ್ತಾವಂತ ಏನ್ ಗ್ಯಾರಂಟಿ?" ಎಂದೆ ನಾನು. "ನಮ್ಮ ಕಂಪನ್ಯಾಗ ಒಬ್ಬ ಎಳದ್ರ ಇಬ್ರು ಬೀಡಿ ಸೇದ್ತಾರ."

"ಎಂಟನೇತ್ತೆಗೆ ಸಾಲಿ ಬಿಟ್ಟಾವ ನೀ! ಬಾಯಿ ಮುಚ್ಚು!"

"ನೀ ಹತ್ತನೇತ್ತೆಗೆ ಮೂರು ಸಲ ಕುಂತಾವ! ನಿನಗ ಸಾಲಿ ಬಿಡಾಕೂ ಬರಲಿಲ್ಲ!"

ಎರಡು ಚಿಪ್ಪಿಗೆ ಪರದೆ ಮೊಣಕಾಲಿಗೆ ಬಂತು. ನಾಲ್ಕಕ್ಕೆ ಸೊಂಟ. ಬುಧವಾರದ ಹೊತ್ತಿಗೆ ಮೂವತ್ತೆರಡು ಚಿಪ್ಪುಗಳು ಇಡ್ಲಿ ಸ್ಟ್ಯಾಂಡಿನಂತೆ ಒಂದರ ಮೇಲೊಂದು ನಿಂತಿದ್ದವು. ಗುಂಡಿ ಒತ್ತಿದ್ದೇ ತಡ, ಪರದೆ ಸರ್ರನೆ ಮೇಲಕ್ಕೆ! ಮಾಲೀಕರು ಎಲೆ ಅಡಿಕೆ ಕೇಳಿದಷ್ಟೇ ಸಲೀಸಾಗಿ ಹೇಳಿದರು: "ಯಮನೂರಿ, ಶನಿವಾರದ ಆಟ ಮುಗದ ಮ್ಯಾಲೆ ನೀ ಬ್ಯಾರೆ ಕೆಲಸ ನೋಡ್ಕೋ."

ಮಾವನಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ನಮ್ಮ ಪ್ರೇಕ್ಷಕರಿಗೆ ಹಾಡು ಹಿಡಿಸಿದರೆ "ಒನ್ಸ್ ಮೋರ್!" ಎಂದು ಕೂಗುವ ರೂಢಿ. ಬಿದ್ದ ಪರದೆ ಮತ್ತೆ ಏಳಬೇಕು, ಹಾಡು ಮತ್ತೆ ಆಗಬೇಕು. ಮಾವ ಯಂತ್ರಕ್ಕೊಂದು ಮೈಕು ಕಟ್ಟಿದ. ಕೂಗು ಕೇಳಿದೊಡನೆ ಯಂತ್ರ ತಾನೇ ಪರದೆ ಎತ್ತುತ್ತದಂತೆ!

"ಮತ್ತ ಇಳಿಸೂದು?" ಎಂದು ಕೇಳಿದೆ.

"ಗದ್ಲ ನಿಂತ್ರ ತಾನ ಇಳೀತೈತಿ."

"ನಮ್ಮ ಮಂದಿ ಗದ್ಲ ನಿಲ್ಲಿಸಿದ್ದು ಎಂದರ ನೋಡೀಯೇನು ಮಾವಾ?"

ಅವನು ಮೈಕಿನ ತಿರುಪು ಬಿಗಿಯತೊಡಗಿದ. ವಿಜ್ಞಾನಿಗಳು ಪರದೆ ಎಳೆಯುವವರಿಗೆ ಉತ್ತರ ಕೊಡುವುದಿಲ್ಲ.

ಶನಿವಾರ ಸಂಜೆ ಗಜೇಂದ್ರಗಡದಲ್ಲಿ ಡೇರೆ ತುಂಬಿ ತುಳುಕುತ್ತಿತ್ತು. ರಾಣಿಯ ಪಾತ್ರದ ಪದ್ದಕ್ಕ ಮೊದಲ ಹಾಡು ಮುಗಿಸಿದಳು. ಪರದೆ ಬಿತ್ತು.

"ಒನ್ಸ್ ಮೋರ್!"

ಪರದೆ ಎಷ್ಟು ಜೋರಾಗಿ ಎದ್ದಿತೆಂದರೆ ಪದ್ದಕ್ಕನ ಸುಳ್ಳು ಜಡೆಯನ್ನೂ ಎತ್ತಿಕೊಂಡು ಹೋಯಿತು!

"ಅಯ್ಯ, ನನ್ನ ಚೌರಿ!"

ಜನ ಹೊಟ್ಟೆ ಹಿಡಿದು ನಕ್ಕರು. "ಒನ್ಸ್ ಮೋರ್!" ಪರದೆ ಆಗಲೇ ತುದಿ ಮುಟ್ಟಿತ್ತು. ಯಂತ್ರಕ್ಕೇನು, ಅದು ಎಳೆಯುತ್ತಲೇ ಇತ್ತು. ಮೋಟಾರು ತಿರುಗಿಸುತ್ತಿದ್ದ ತೊಲೆಗೆ ಸಿಕ್ಕಿಕೊಂಡು ಅರಮನೆಯ ಪರದೆ ಏರಿತು. ಹಿಂದಿನ ಕಾಡಿನ ಪರದೆಯೂ ಏರಿತು. ಅದರ ಮರೆಯಲ್ಲಿ ಗಡ್ಡ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಬೀಡಿ ಸೇದುತ್ತಿದ್ದ ಮಂತ್ರಿ ಬಯಲಾದ!

"ಒನ್ಸ್ ಮೋರ್! ಒನ್ಸ್ ಮೋರ್!"

"ಬಂದ್ ಮಾಡೋ ತಿರಕ್ಯಾ!" ಎಂದು ಮಾಲೀಕರು ಕಿರುಚಿದರು.

"ಬ್ಯಾಟರಿ ವಾಯರ್ ಕಿತ್ತೀನ್ರಿ! ಈಗ ಲೈಟಿನ ಕರೆಂಟ್ ಜಗ್ಗಾಕತ್ತಾವ! ಮೂವತ್ತೆರಡೂ ಕರಗಿ ಒಂದಾಗ್ಯಾವ್ರಿ, ನನ್ನ ಮಾತು ಕೇಳವಲ್ಲವು!"

ಮಾಲೀಕರು ರಂಗಕ್ಕೆ ಓಡಿ ಬಂದು ಕೈ ಮುಗಿದರು. "ಮಹಾಜನರ, ಕಾಲಿಗೆ ಬೀಳ್ತೀನಿ, ಸುಮ್ನಿರ್ರಿ!" ಇದೂ ಹಾಸ್ಯದ ದೃಶ್ಯವೆಂದು ಜನ ಕುಣಿದರು. ಹಗ್ಗವೊಂದು ಅವರ ರುಮಾಲನ್ನು ಕೊಂಡೊಯ್ದಿತು. "ಒನ್ಸ್ ಮೋರ್!"

ರಂಗದ ಅದೇ ತೊಲೆಗೆ ಡೇರೆಯ ಹಗ್ಗಗಳನ್ನೂ ಕಟ್ಟಿದ್ದೆವು. ಗೂಟಗಳು ಪಟಪಟನೆ ಕಿತ್ತು ಬಂದವು. ಹಾಸಿಗೆ ಸುತ್ತಿದ ಹಾಗೆ ಇಡೀ ಡೇರೆ ಸುತ್ತಿಕೊಂಡು ತೊಲೆಯ ಮೇಲೆ ಕೂತಿತು. ಎಂಟುನೂರು ಜನ ಬಟ್ಟಬಯಲಲ್ಲಿ! ಟಿಕೀಟು ತೆಗೆಯದೆ ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು "ಒನ್ಸ್ ಮೋರ್!" ಎಂದರು. ಆದರೆ ಎತ್ತಲು ಇನ್ನೇನೂ ಉಳಿದಿರಲಿಲ್ಲ. ಚಿಪ್ಪುಗಳು ಫಟ್ ಎಂದು ಹೊಗೆಯಾದವು.

ಭಾನುವಾರ ಮಧ್ಯಾಹ್ನಕ್ಕೇ ಎಲ್ಲ ಟಿಕೀಟು ಖಾಲಿ! ಊರಿಗೆ ಊರೇ ಡೇರೆ ಹಾರುವುದನ್ನು ನೋಡಲು ಬಂದಿತ್ತು. ಮಾಲೀಕರು ಮಾವನಿಗೆ ಹಾರ ಹಾಕಿ, ಈ ಸಲ ಅರವತ್ನಾಲ್ಕು ಚಿಪ್ಪು ಬೆಸೆಯಲು ಹೇಳಿದರು. ನಾನು ಹೊರಡುತ್ತೇನೆಂದು ಹೇಳಲು ಹೋದೆ.

"ಎಲ್ಲಿಗಲೇ ಹೊಂಟಿ?" ಎಂದು ಗದರಿದರು. "ದಿನಾ ಆಟ ಮುಗದ ಮ್ಯಾಲೆ ಡೇರೆ ಮತ್ತ ನಿಂದರಸವ್ರು ಯಾರು, ನಿಮ್ಮ ಮಾವನ ಚಿಪ್ಪೇನು?"

ಮೊದಲು ನನ್ನ ಕೈಯಲ್ಲಿ ಒಂದೇ ಹಗ್ಗವಿತ್ತು. ಈಗ ನಲವತ್ತಿವೆ. ಯಂತ್ರ ಬಂದರೆ ಬಡವರ ಕೆಲಸ ಹೋಗುತ್ತದೆ ಎನ್ನುವವರು ಒಮ್ಮೆ ಬಂದು ಒಂದು ತುದಿ ಹಿಡಿಯಲಿ.