ಎಡಕ್ಕೆ ಬಾಗಿದ ಎಲೆಯ ಕುರಿತು

ಹಳೆಯ ಅಂಚೆ ಭವನದ ದುರಸ್ತಿಯ ಹೊಣೆ ಹೊತ್ತ ಹಿರಿಯ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ, ಒಂದು ವಿಮಾನ ಇಳಿದು ಇನ್ನೊಂದು ಹತ್ತುವುದರ ನಡುವೆ ಸಿಕ್ಕ ಐದು ಗಂಟೆಗಳಲ್ಲಿ ತಮ್ಮ ಕಟ್ಟಡದ ಫೋಟೊ ತೆಗೆಯಲೆಂದು ಓಡೋಡಿ ಬಂದು, ಕಟ್ಟಡವನ್ನೇ ಕಾಣದೆ, ಆದರೂ ಕೃತಾರ್ಥಳಾಗಿ ಹಿಂದಿರುಗಿದ, ಮದುವೆಮನೆಗಳಲ್ಲಿ ಫೋಟೊ ತೆಗೆದು ಬದುಕುವ ಹೆಂಗಸಿನ ನಮಸ್ಕಾರಗಳನ್ನು ಮೊದಲು ಸ್ವೀಕರಿಸಬೇಕು.

ಕಟ್ಟಡ ಇರಬೇಕಾದ ಜಾಗದಲ್ಲಿ ನೆಲದಿಂದ ಸೂರಿನವರೆಗೆ ಒಂದು ಪರದೆ ಇತ್ತು. ಪರದೆಯ ಮೇಲೆ ಅದೇ ಕಟ್ಟಡದ ಚಿತ್ರ, ಅದೂ ನಿಜದಷ್ಟೇ ದೊಡ್ಡದು. ಬಿರುಕಿಲ್ಲ, ಪಾರಿವಾಳದ ಗಲೀಜಿಲ್ಲ, ಮೋಡ ಕವಿದ ದಿನವೂ ಅದರ ಮೇಲೆ ಒಳ್ಳೆಯ ಬಿಸಿಲು. ನಾನು ಪೆಚ್ಚಾಗಿ ನಿಂತದ್ದನ್ನು ಕಂಡು ಕನಿಕರಗೊಂಡ ತಮ್ಮ ಕಾವಲುಗಾರರು, ಹೋದ ವಾರವಷ್ಟೇ ಒಗೆಸಿದ್ದೇವೆ, ಫೋಟೊ ಚೆನ್ನಾಗಿ ಬರುತ್ತದೆ ಎಂದು ಧೈರ್ಯ ತುಂಬಿದರು. ಒಂದು ಮೂಲೆಯಾದರೂ ಸರಿಸಬಹುದೇ ಎಂದು ಅಂಗಲಾಚಿದ್ದಕ್ಕೆ, ಐದು ವರ್ಷದಿಂದ ಇಲ್ಲೇ ಇದ್ದೇನೆ, ಹಿಂದೆ ಏನಿದೆಯೆಂದು ನಾನೇ ನೋಡಿಲ್ಲ ಎಂದರು. ಇಷ್ಟು ಶ್ರದ್ಧೆಯ ನೌಕರರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ನನ್ನ ಸಣ್ಣ ತಕರಾರು. ನಾವು ತಮ್ಮ ಊರಿನಲ್ಲೇ ಇದ್ದ ಕಾಲದಲ್ಲಿ, ಆ ಕಟ್ಟಡದ ಹನ್ನೊಂದು ಕಿಟಕಿಗಳ ನೆತ್ತಿಯ ಮೇಲೆ ಗಾರೆಯಲ್ಲಿ ಎಲೆಬಳ್ಳಿ ಬಿಡಿಸಿದವರು ನನ್ನ ಅಪ್ಪ. ಒಂದು ಕಿಟಕಿಯ ಮುಂದೆ ಸಾರುವೆ ಹತ್ತಿ ನಿಂತಿದ್ದಾಗ, ಹೆಣ್ಣುಮಗು ಹುಟ್ಟಿದೆಯೆಂದು ಕೆಳಗಿನಿಂದ ಯಾರೋ ಕೂಗಿದರಂತೆ. ಬಲಕ್ಕೆ ಬಾಗಬೇಕಾದ ಎಲೆ ಎಡಕ್ಕೆ ಬಾಗಿತು. ಅಪ್ಪ ಇಳಿದು ಮನೆಗೆ ಓಡಿದರು. ಮರಳಿ ಬರುವಷ್ಟರಲ್ಲಿ ಗಾರೆ ಗಟ್ಟಿಯಾಗಿತ್ತು. ಆ ಎಲೆ ನನಗಿಂತ ಒಂದೆರಡು ಗಂಟೆಯಷ್ಟೇ ಚಿಕ್ಕದು. ಈಗ ಅಪ್ಪನ ಕಣ್ಣು ದಿನೇ ದಿನೇ ಮಸುಕಾಗುತ್ತಿದೆ. ಪೂರ್ತಿ ಹೋಗುವ ಮೊದಲು ಆ ಎಲೆಯನ್ನು ಫೋಟೊದಲ್ಲಾದರೂ ನೋಡಬೇಕೆಂಬುದು ಅವರ ಆಸೆ.

ಬೇರೆ ದಾರಿ ಕಾಣದೆ ಪರದೆಯ ಹನ್ನೊಂದೂ ಕಿಟಕಿಗಳ ಫೋಟೊ ತೆಗೆದು ತಂದೆ. ಅಪ್ಪ ಒಂದೊಂದನ್ನೂ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. "ಇದು ನಾನು ಮಾಡಿದ್ದಲ್ಲ ಕಣಮ್ಮ. ಇದ್ರಲ್ಲಿ ತಪ್ಪೇ ಇಲ್ಲ" ಅಂದರು. ಆಮೇಲೆ ನಾನು ಕೂತು ನೋಡಿದರೆ, ತಾವು ಒಂದೇ ಕಿಟಕಿಯ ಚಿತ್ರವನ್ನು ಹನ್ನೊಂದು ಸಲ ಅಂಟಿಸಿಬಿಟ್ಟಿದ್ದೀರಿ. ಮದುಮಗಳ ಮೊಡವೆ ಅಳಿಸುವ ವಿದ್ಯೆ ನನಗೂ ಗೊತ್ತು ಸ್ವಾಮಿ; ಆದರೆ ಫೋಟೊದಲ್ಲಿ ಅಳಿಸಿದೆನೆಂದು ಅವಳ ಮುಖ ಕೆರೆಯಲು ಹೋದವಳಲ್ಲ.

ಇದನ್ನು ಹೇಳಲು ಕಾರಣ, ತಮ್ಮ ಗೇಟಿನ ಫಲಕ. ಕಟ್ಟಡವನ್ನು ಚಿತ್ರದಲ್ಲಿರುವಂತೆಯೇ ಸಿದ್ಧಪಡಿಸಲಾಗುವುದೆಂದು ಅದರಲ್ಲಿ ಬರೆದಿದೆ. ಆದ್ದರಿಂದ ನನ್ನ ಬಿನ್ನಹವೇನೆಂದರೆ, ಪರದೆಯನ್ನೇ ಅಂಚೆ ಭವನವೆಂದು ಘೋಷಿಸಿ, ಅದಕ್ಕೇ ಬಾಗಿಲು ಕೊರೆದು, ಅಲ್ಲೇ ಕಾಗದಗಳಿಗೆ ಮುದ್ರೆ ಒತ್ತಿಸಿ, ಹಿಂದಿರುವ ಹಳೆಯ ಕಟ್ಟಡವನ್ನು ಸುಮ್ಮನೆ ಬಿಟ್ಟುಬಿಡಬೇಕು. ಅದು ಆಗದ ಮಾತೆಂದಾದರೆ, ಆ ಒಂದು ಎಲೆಯನ್ನು ಮಾತ್ರ ಮುಟ್ಟಬೇಡಿ. ನಾನು ಹುಟ್ಟಿದ್ದಕ್ಕೆ ಅಪ್ಪನಿಗಾದ ಖುಷಿಯ ಗುರುತು ಈ ಜಗತ್ತಿನಲ್ಲಿ ಉಳಿದಿರುವುದು ಅದೊಂದೇ.

ಪರದೆಯ ಈಚೆಗೇ ನಿಂತಿರುವ ತಮ್ಮ ವಿಶ್ವಾಸಿ,
ಗಾರೆ ಮೇಸ್ತ್ರಿಯ ಮಗಳು

ತಾ.ಕ.: ಎಲೆ ಎಷ್ಟನೆಯ ಕಿಟಕಿಯ ಮೇಲಿದೆ ಎಂಬುದನ್ನು ಬೇಕೆಂದೇ ಬರೆದಿಲ್ಲ. ಅದನ್ನು ತಿದ್ದಬೇಕೆಂದರೆ ತಾವು ಒಮ್ಮೆಯಾದರೂ ಪರದೆಯ ಹಿಂದೆ ಹೋಗಿ, ತಲೆಯೆತ್ತಿ ಕಟ್ಟಡವನ್ನು ನೋಡಬೇಕಾಗುತ್ತದೆ. ಹಾಗಾದರೆ ಹೆದರಿಕೆಯಿಲ್ಲ ಬಿಡು ಎಂದು ಅಪ್ಪ ನೆಮ್ಮದಿಯಿಂದಿದ್ದಾರೆ.