ಹಳೆಯ ಶನಿವಾರದ ಪಾರಿವಾಳಗಳು

ಸಿರಿಲ್ ಮೆಕ್ಕಿಬಿನ್ ಹೋದ ಗುರುವಾರ ತೀರಿಕೊಂಡ. ಕಡಲದಂಡೆಯ ಲಾರ್ನ್ ಪಟ್ಟಣದ ತನ್ನ ಮನೆಯಲ್ಲಿ, ಟಿವಿ ಎದುರಿನ ಕುರ್ಚಿಯಲ್ಲಿ, ಹೃದಯ ನಿಂತು. ಮಣ್ಣು ಮಾಡಿ ಬಂದ ಮೇಲೆ ಅವನ ಹೆಂಡತಿ ಒಲಿವ್ ನನ್ನ ಕೈಗೆ ಸ್ಯಾಂಡ್‌ವಿಚ್ ತಟ್ಟೆ ಕೊಟ್ಟು, "ಪಾರಿವಾಳದ ಕಥೆ ನೀನೇ ಬರಿ. ನನ್ನ ತಮ್ಮನಿಗೆ ಬಿಟ್ಟರೆ ತಪ್ಪೆಲ್ಲ ಹವಾಮಾನದ್ದು ಅಂತಾನೆ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಸಿರಿಲ್ ಟಿವಿ ರಿಪೇರಿಯವನು. ಊರಿನ ಟಿವಿಗಳೆಲ್ಲ ಒಂದಲ್ಲ ಒಂದು ದಿನ ಅವನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವೇ. ನಿವೃತ್ತನಾದ ಮೇಲೂ ಅವನ ಠೀವಿಗೆ ನಿವೃತ್ತಿ ಇರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಟಿವಿಯ ಕಡೆ ನೋಡಿ ತಲೆಯಾಡಿಸಿ, ಆಮೇಲೆ ಮನೆಯವರ ಆರೋಗ್ಯ ವಿಚಾರಿಸುತ್ತಿದ್ದ.

ಒಲಿವ್‌ಗೆ ಸೊಂಟದ ಆಪರೇಷನ್ ಆದಂದಿನಿಂದ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಕೆಳಗಿನ ಕೋಣೆಯಲ್ಲೇ ಮಂಚ, ಎದುರಿಗೆ ಟಿವಿ. ನೋವಿಗೆ ನಿದ್ದೆ ಬಾರದಾಗ ಅವಳ ಸಂಗಾತಿ ಟೆಲಿಟೆಕ್ಸ್ಟ್. ಕಾರ್ಯಕ್ರಮಗಳೆಲ್ಲ ಮುಗಿದ ಹೊತ್ತಿನಲ್ಲಿ ಚಾನೆಲ್‌ನವರು ಅದನ್ನೇ ಬಿಡುತ್ತಿದ್ದರು: ಕಪ್ಪು ಪರದೆ, ಹಳದಿ ನೀಲಿ ಅಕ್ಷರ, ಹವಾಮಾನ, ಕುರಿಯ ಧಾರಣೆ, ಫುಟ್‌ಬಾಲ್, ಕೊನೆಗೆ ಪಾರಿವಾಳದ ರೇಸು. ಹಿನ್ನೆಲೆಯಲ್ಲಿ ಯಾರು ಬಾರಿಸಿದರೆಂದು ಯಾರೂ ಕೇಳದ ಮೆಲುವಾದ ಸಂಗೀತ. ಒಂದು ಪುಟ ಬರುತ್ತದೆ, ನಿಲ್ಲುತ್ತದೆ, ಹೋಗುತ್ತದೆ. ಯಾರಿಗೂ ಯಾವ ಅವಸರವೂ ಇಲ್ಲ. ಮೂರನೆಯ ಪುಟಕ್ಕೆ ಒಲಿವ್ ಕಣ್ಣು ಮುಚ್ಚುತ್ತಿದ್ದಳು.

ಒಂದು ಅಕ್ಟೋಬರ್‌ನಲ್ಲಿ ಸರ್ಕಾರವೋ ಕಾಲವೋ ಅದನ್ನು ನಿಲ್ಲಿಸಿಬಿಟ್ಟಿತು. ಆ ಜಾಗಕ್ಕೆ ಬಂದದ್ದು ಚಾನೆಲ್‌ನ ಸ್ವಂತ ಜಾಹೀರಾತು. ಅದೇ ಬಾಣಸಿಗ ಅದೇ ಈರುಳ್ಳಿಯನ್ನು ಬೆಳಕು ಹರಿಯುವತನಕ ಹೆಚ್ಚುತ್ತಿದ್ದ. ಇನ್ನೊಂದು ಕಡೆ ಜೂಜಿನ ಚಕ್ರ. ಮತ್ತೊಂದು ಕಡೆ ಉದ್ದ ಉಗುರಿನ ಹೆಂಗಸೊಬ್ಬಳು ಸಾಮಾನು ಮಾರುತ್ತಿದ್ದಳು. ಒಲಿವ್ ಹೋಗಿ ಬಿದ್ದದ್ದು ಈ ಹೆಂಗಸಿನ ಕೈಗೆ.

ಮನೆಗೆ ಪಾರ್ಸೆಲ್ ಬರತೊಡಗಿದವು. ಮೊದಲು ಹಬೆಯಲ್ಲಿ ನೆಲ ಒರೆಸುವ ಯಂತ್ರ. ಆಮೇಲೆ ಬೂಟನ್ನೂ ಟೊಮೇಟೊವನ್ನೂ ಒಂದೇ ಪ್ರೀತಿಯಿಂದ ಕತ್ತರಿಸುವ ಚಾಕು.

"ಇದೇನಿದು?" ಎಂದ ಸಿರಿಲ್ ಒಂದು ಬೆಳಿಗ್ಗೆ.

"ಸೌತೆಕಾಯಿ ಸುರುಳಿ ಮಾಡೋದು."

"ನಾವು ಸೌತೆಕಾಯಿ ತಿನ್ನೋದೇ ಇಲ್ವಲ್ಲ."

"ಸುರುಳಿ ಮಾಡಿದರೆ ತಿಂತೀವೇನೋ ಅಂತ." ಒಲಿವ್ ಚಹಾ ಕಲಕಿದಳು. "ನೀನು ಮೇಲೆ ಗೊರಕೆ ಹೊಡೀತಿರ್ತೀಯ. ಆ ಹೊತ್ತಲ್ಲಿ ನನ್ನ ಜೊತೆ ಮಾತಾಡೋಳು ಅವಳೊಬ್ಬಳೇ ಕಣೋ."

ಹೆಂಡತಿಯ ಕಣ್ಣ ಕೆಳಗಿನ ಕಪ್ಪು ಸಿರಿಲ್‌ಗೆ ಆಗ ಕಂಡಿತು. ಸೌತೆಕಾಯಿ ಯಂತ್ರವನ್ನು ಖಡ್ಗದ ಹಾಗೆ ಮೇಲೆತ್ತಿ ಅವನು ಘೋಷಿಸಿದ: "ಈ ಊರಿಗೆಲ್ಲ ಚಿತ್ರ ಕೊಟ್ಟವನು ನಾನು. ಸ್ವಂತ ಹೆಂಡತಿಗೆ ನಾಲ್ಕು ಸಾಲು ಅಕ್ಷರ ಕೊಡೋಕಾಗಲ್ವ? ನಿನ್ನ ಟೆಲಿಟೆಕ್ಸ್ಟ್ ವಾಪಸ್ ತರ್ತೀನಿ. ನೋಡ್ತಾ ಇರು."

ತರುವುದೇನೂ ಕಷ್ಟವಿರಲಿಲ್ಲ. ಹಿಂದಿನ ಜುಲೈನಲ್ಲಿ ಯಾರದೋ ವಿಡಿಯೊ ರೆಕಾರ್ಡರ್ ರಿಪೇರಿ ಮಾಡಿ, ಪರೀಕ್ಷೆಗೆಂದು ಒಂದು ಶುಕ್ರವಾರ ರಾತ್ರಿ ಹಚ್ಚಿಟ್ಟು ಮಲಗಿದ್ದ. ಶನಿವಾರ ಬೆಳಗಿನ ಪುಟಗಳೆಲ್ಲ ಸಂಗೀತದ ಸಮೇತ ಆ ಟೇಪಿನಲ್ಲಿದ್ದವು. ಅವನು ತನ್ನದೊಂದು ರೆಕಾರ್ಡರನ್ನು ಕಪಾಟಿನಲ್ಲಿ ಮೇಜುಬಟ್ಟೆಗಳ ಹಿಂದೆ ಅಡಗಿಸಿ ವೈರು ಎಳೆದ. ಆದರೆ ಟೇಪು ಹಾಕಿದೆ ಅಂದರೆ ಅದರಲ್ಲಿ ಏನು ಪ್ರತಾಪ? ಹಿತ್ತಲ ಶೆಡ್ಡಿನ ಮೇಲೆ ತಾಮ್ರದ ತಂತಿ, ಕೋಟಿನ ಹ್ಯಾಂಗರು, ಸೈಕಲ್ ಚಕ್ರ ಎಲ್ಲ ಸೇರಿಸಿ ಒಂದು ಆಂಟೆನಾ ನಿಲ್ಲಿಸಿದ.

"ಕಡಲಾಚೆಯ ಸ್ಕಾಟ್‌ಲೆಂಡ್ ಕಡೆ ತಿರುಗಿಸಿದ್ದೀನಿ," ಎಂದ. "ಅಲ್ಲಿ ಯಾವನೋ ಆರಿಸೋದು ಮರೆತಿದ್ದಾನೆ."

ಒಲಿವ್ ಆಂಟೆನಾ ನೋಡಿದಳು, ಗಂಡನ ಮುಖ ನೋಡಿದಳು, "ಪಾಪ, ಮರೆತಿರಬಹುದು" ಎಂದಳು. ಅಂದಿನಿಂದ ನಿದ್ದೆ ಮಾಡಿದಳು. ಪಾರ್ಸೆಲ್ ನಿಂತವು.

ಸಿರಿಲ್ ಇಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಬರೆಯಲು ಏನೂ ಇರುತ್ತಿರಲಿಲ್ಲ. ಅವನು ಪಬ್ಬಿನಲ್ಲಿ ಹೇಳಿದ, ಕ್ಷೌರದಂಗಡಿಯಲ್ಲಿ ಹೇಳಿದ. "ಇಡೀ ದೇಶಕ್ಕೆ ನಿಂತುಹೋದದ್ದು ಮೆಕ್ಕಿಬಿನ್ ಮನೆಗೆ ನಿಂತಿಲ್ಲ" ಎಂಬ ಸುದ್ದಿ ಒಲಿವ್‌ಳ ತಮ್ಮ ಹ್ಯೂಬರ್ಟ್‌ನನ್ನೂ ಮುಟ್ಟಿತು. ಹ್ಯೂಬರ್ಟ್ ಪಾರಿವಾಳ ಕ್ಲಬ್ಬಿನ ಕಾರ್ಯದರ್ಶಿ.

ಮರುವರ್ಷ ಜುಲೈ, ಶನಿವಾರ. ನಮ್ಮ ಬೀದಿಯ ಪಾರಿವಾಳಗಳು ಲಾರಿ ಹತ್ತಿ ಇಂಗ್ಲೆಂಡಿನ ಕೊನೆಯ ತುದಿಯ ಪೆಂಜಾನ್ಸ್‌ಗೆ ಹೋಗಿದ್ದವು. ಅಲ್ಲಿ ಬಿಟ್ಟರೆ ಸಮುದ್ರ ದಾಟಿ ಮನೆಗೆ ಬರಬೇಕು. ಎಷ್ಟು ಹೊತ್ತಿಗೆ ಬಿಟ್ಟರೆಂದು ಕಾರ್ಯದರ್ಶಿ ಫೋನಿನಲ್ಲಿ ತಿಳಿದು ಎಲ್ಲರಿಗೂ ಹೇಳಬೇಕು. ಆ ಫೋನು ಸುಲಭಕ್ಕೆ ಸಿಗುವುದಲ್ಲ. ಹ್ಯೂಬರ್ಟ್ ಬೆಳಿಗ್ಗೆಯೇ ಅಕ್ಕನ ಮನೆಗೆ ಬಂದು, ಟೋಸ್ಟು ಬಾಯಲ್ಲಿಟ್ಟುಕೊಂಡೇ ಟಿವಿ ನೋಡಿದ. ಪಾರಿವಾಳದ ಪುಟ ಬಂತು: ಪೆಂಜಾನ್ಸ್, ಆರೂವರೆಗೆ ಬಿಡಲಾಗಿದೆ, ಆಕಾಶ ಶುಭ್ರ, ಗಾಳಿ ಹಿಂದಿನಿಂದ. ಪುಟದ ತಲೆಯ ಮೇಲೆ ಶನಿವಾರ ಎಂದೇ ಇತ್ತು. ಪಕ್ಕದ ತಾರೀಕು ನೋಡುವ ತಾಳ್ಮೆ ಪಾರಿವಾಳದವರಿಗೆ ಎಲ್ಲಿಂದ ಬರಬೇಕು?

ಸಿರಿಲ್ ಮೆಟ್ಟಿಲಿಳಿದು ಬರುವಷ್ಟರಲ್ಲಿ ಹ್ಯೂಬರ್ಟ್ ಅರ್ಧ ಊರಿಗೆ ಫೋನ್ ಮಾಡಿ ಮುಗಿಸಿದ್ದ.

ನಮ್ಮ ಕಡೆ ಪಾರಿವಾಳ ಬರುವ ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುವಂತಿಲ್ಲ. ಪಟಪಟಿಸುವ ಚಾದರ ಕಂಡರೆ ಹಕ್ಕಿ ಗೂಡಿಗಿಳಿಯದೆ ಮಾಡಿನ ಮೇಲೆ ಕೂತುಬಿಡುತ್ತದೆ, ಹಕ್ಕಿ ಕೂತಷ್ಟು ಹೊತ್ತೂ ರೇಸಿನ ಗಡಿಯಾರ ಓಡುತ್ತದೆ. ಎರಡು ವಾರ ಮಳೆ ಸುರಿದು ಅಂದೇ ಬಿಸಿಲು ಬಿದ್ದಿತ್ತು. ಬೀದಿಯ ಹೆಂಗಸರೆಲ್ಲ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹ್ಯೂಬರ್ಟ್ ಗೋಡೆಯಿಂದ ಗೋಡೆಗೆ ಓಡಾಡಿ ಒಂದು ಕಾಲುಚೀಲವನ್ನೂ ಬಿಡದೆ ಇಳಿಸಿದ. ಬೆಕ್ಕುಗಳು ಒಳಗೆ. ಗಂಡಸರು ಹಕ್ಕಿಗಳನ್ನು ಗಲಗಲಿಸಿ ಕರೆಯುವ ಜೋಳದ ಡಬ್ಬಿ ಹಿಡಿದು ಹೊರಗೆ, ಕತ್ತು ಮೇಲಕ್ಕೆ.

ಸಿರಿಲ್ ಮಾತ್ರ ಆಕಾಶ ಬಿಟ್ಟು ಹ್ಯೂಬರ್ಟ್‌ನ ಹಿಂದೆಯೇ ಸುತ್ತುತ್ತಿದ್ದ. ಸತ್ಯ ಹೇಳಿದರೆ ಟೇಪಿನ ಗುಟ್ಟು ಬಯಲು. ಒಲಿವ್‌ಗೆ ಮತ್ತೆ ನಿದ್ದೆಯಿಲ್ಲ, ಮತ್ತೆ ಆ ಉಗುರಿನ ಹೆಂಗಸು. ಹೇಳದಿದ್ದರೆ ಇಡೀ ಬೀದಿಯ ಕತ್ತು ಉಳುಕುತ್ತದೆ.

"ಅಲ್ಲಿ ಮಂಜು ಗಿಂಜು ಇರಬಹುದು ಕಣೋ ಹ್ಯೂಬರ್ಟ್," ಎಂದು ನೋಡಿದ.

"ಆಕಾಶ ಶುಭ್ರ. ನಾನೇ ಓದಿದೆನಲ್ಲ."

"ಆದ್ರೂ ಒಂದು ಫೋನ್ ಮಾಡಿ ಕೇಳಬಾರದಾ?"

ಹ್ಯೂಬರ್ಟ್ ಅವನತ್ತ ತಿರುಗಿದ. "ಯಾಕೆ? ನಿನ್ನ ಆಂಟೆನಾ ಮೇಲೆ ನಿನಗೇ ನಂಬಿಕೆ ಇಲ್ವ?"

ಅಡುಗೆಮನೆಯ ಕಿಟಕಿಯಲ್ಲಿ ಒಲಿವ್ ಇದ್ದಳು. "ಪೂರ್ತಿ ಇದೆ," ಎಂದ ಸಿರಿಲ್. ಅವನ ಕೈಗೂ ಒಂದು ಡಬ್ಬಿ ಬಂತು.

ಮಧ್ಯಾಹ್ನವಾಯಿತು. ಒಂದು ಕಡಲಹಕ್ಕಿ ಹಾದುಹೋದಾಗ ಬೀದಿಯ ಡಬ್ಬಿಗಳೆಲ್ಲ ಒಟ್ಟಿಗೇ ಗಲಗಲ ಎಂದವು. ಕಡಲಹಕ್ಕಿ ಗಾಬರಿಯಿಂದ ಸಮುದ್ರಕ್ಕೆ ತಿರುಗಿತು. ಪಕ್ಕದ ಹಿತ್ತಲಿನ ಥೆಲ್ಮಾ, "ನಿಮ್ಮ ಹಕ್ಕಿಗಳು ನಡ್ಕೊಂಡು ಬರ್ತಿದಾವಾ? ನನ್ನ ಚಾದರ ಬುಟ್ಟಿಯಲ್ಲೇ ಮೊಳಕೆ ಒಡೀತಿದೆ" ಎಂದಳು. ಹ್ಯೂಬರ್ಟ್ ಅವಳಿಗೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ.

ಆಗ ಮೆಕ್ಕಿಬಿನ್ ಮನೆಯ ಹಿಂಬಾಗಿಲು ತೆರೆಯಿತು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ತೋಳಿನಲ್ಲಿ ಬುಟ್ಟಿ ಹಿಡಿದು ಒಲಿವ್ ಹಗ್ಗದ ಹತ್ತಿರ ಬಂದಳು. ಸಿರಿಲ್‌ನ ಪಟ್ಟೆಪಟ್ಟೆ ಪಾಯಜಾಮ ಎತ್ತಿ ಕೊಡವಿ ಹಗ್ಗಕ್ಕೆ ಕ್ಲಿಪ್ಪು ಹಾಕಿದಳು. ಅದು ಗಾಳಿಗೆ ಎರಡೂ ಕಾಲು ಬಿಚ್ಚಿ ಕುಣಿಯಿತು.

"ಅಕ್ಕ, ಹಕ್ಕಿ ಬರೋ ಹೊತ್ತು!"

"ಯಾವ ಹಕ್ಕಿಯೂ ಬರಲ್ಲ," ಎಂದಳು ಒಲಿವ್, ಎರಡನೆಯ ಕ್ಲಿಪ್ಪು ಹಲ್ಲಿನಿಂದ ತೆಗೆದು. "ನೀನು ಓದಿದ್ದು ಹೋದ ವರ್ಷದ್ದು. ಆ ಹಕ್ಕಿಗಳು ಹೋದ ವರ್ಷವೇ ಬಂದವು. ನಿನ್ನದು ಬಂದದ್ದು ಹನ್ನೊಂದನೆಯದಾಗಿ."

ಬೀದಿಯ ಡಬ್ಬಿಗಳೆಲ್ಲ ಕೆಳಗಿಳಿದವು. ಹ್ಯೂಬರ್ಟ್ ಒಳಗೆ ಓಡಿ ಫೋನ್ ಮಾಡಿದ. ಪೆಂಜಾನ್ಸ್‌ನಲ್ಲಿ ದಟ್ಟ ಮಂಜು. ಪಾರಿವಾಳಗಳು ಲಾರಿಯಲ್ಲೇ ಕೂತು ಹೊಟ್ಟೆ ತುಂಬ ತಿನ್ನುತ್ತಿದ್ದವು. ಥೆಲ್ಮಾ ಮೊದಲ ಚಾದರ ಹಾಕಿದಳು. ಹತ್ತು ನಿಮಿಷದಲ್ಲಿ ಹಿತ್ತಲುಗಳೆಲ್ಲ ಹಾಯಿಹಡಗು ಹೊರಟ ಬಂದರಿನಂತೆ ಬೆಳ್ಳಗೆ ಬೀಸತೊಡಗಿದವು. ಗಂಡಸರು ಸಿರಿಲ್‌ನ ಕಡೆ ನೋಡಿದರು. ಸಿರಿಲ್ ಶೆಡ್ಡಿನೊಳಗೆ ಹೋಗಿ ಚಿಲಕ ಹಾಕಿಕೊಂಡ.

ಒಲಿವ್ ಚಹಾ ತಂದು ಬಾಗಿಲು ತಟ್ಟಿದಳು. "ತೆಗಿ ಮಾರಾಯ. ಅವರೆಲ್ಲ ಹೋದರು."

"ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನ. ಮೇಜುಬಟ್ಟೆ ತೆಗೆಯೋಕೆ ಹೋದರೆ ಅದರ ಹಿಂದೆ ಒಂದು ಕೆಂಪು ದೀಪ ಉರೀತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ? ಹೇಗೆ ನಿದ್ದೆ ಬರ್ತಿತ್ತು?"

"ಪುಟ ಓದಿ ಅಂತ ತಿಳ್ಕೊಂಡಿದ್ದೀಯ? ನನ್ನ ಕನ್ನಡಕ ಇರೋದು ಅಡುಗೆಮನೆಯಲ್ಲಿ." ಒಲಿವ್ ಶೆಡ್ಡಿನ ಮೆಟ್ಟಿಲ ಮೇಲೆ ಮೆಲ್ಲಗೆ ಕೂತಳು. "ಟೇಪು ಮುಗಿದ ಕೂಡಲೇ ನೀನು ಕಾಲುಚೀಲದಲ್ಲಿ ಕೆಳಗೆ ಬರ್ತೀಯ. ಕಳ್ಳನ ಹಾಗೆ. ದಿನಾ ಅದೇ ಸ್ಟೂಲಿಗೆ ಹೆಬ್ಬೆರಳು ಹೊಡ್ಕೊಂಡು ಪಿಸುಮಾತಲ್ಲಿ ಬೈತೀಯ. ಟೇಪು ಸುತ್ತಿ ಮತ್ತೆ ಹಚ್ಚಿ ಮೇಲೆ ಹೋಗ್ತೀಯ. ಅದು ಕೇಳಿಸಿತು ಅಂದರೆ ನನಗೆ ನಿದ್ದೆ."

ಊರಿಗೆಲ್ಲ ಚಿತ್ರ ಕೊಟ್ಟವನು ಚಿಲಕ ತೆಗೆದ. "ಹಾಗಿದ್ದರೆ ಆ ಸ್ಟೂಲಾದರೂ ಸರಿಸಬಹುದಿತ್ತಲ್ಲ" ಎಂದ.

"ಸರಿಸಿದ್ದರೆ ನೀನು ಬಂದದ್ದು ನನಗೆ ಹೇಗೆ ಗೊತ್ತಾಗಬೇಕು?"

ಸ್ಟೂಲನ್ನು ಯಾರೂ ಸರಿಸಲಿಲ್ಲ. ಆಂಟೆನಾ ಮುಂದಿನ ಚಳಿಗಾಲದ ಬಿರುಗಾಳಿಗೆ ಹಾರಿ ಥೆಲ್ಮಾಳ ಕೋಸಿನ ಮಡಿಯಲ್ಲಿ ಬಿತ್ತು. ಪಾರಿವಾಳದವರು ಪಬ್ಬಿನಲ್ಲಿ ಸಿರಿಲ್‌ನನ್ನು ಕಂಡಾಗಲೆಲ್ಲ ಆಕಾಶ ನೋಡುವುದನ್ನು ಕೊನೆಯವರೆಗೂ ಬಿಡಲಿಲ್ಲ. ಟೇಪು ಸವೆದು ಅಕ್ಷರಗಳ ಮೇಲೆ ಹಿಮ ಬೀಳತೊಡಗಿದರೂ ಓಡುತ್ತಲೇ ಇತ್ತು.

ಗುರುವಾರ ಬೆಳಗಿನ ಜಾವವೂ ಒಲಿವ್‌ಗೆ ಎಲ್ಲವೂ ಕೇಳಿಸಿತಂತೆ: ಮೆಟ್ಟಿಲು, ಸ್ಟೂಲು, ಬೈಗುಳ. ಅವಳು ನಿದ್ದೆಹೋದಳು. ಎದ್ದಾಗ ಅವನು ಕುರ್ಚಿಯಲ್ಲಿದ್ದ, ಪರದೆಯ ಮೇಲೆ ಕುರಿಯ ಧಾರಣೆ ಬರುತ್ತಿತ್ತು. ಎದೆ ಹಿಡಿದುಕೊಂಡು ಕೂರುವ ಮೊದಲು ಅವನು ಟೇಪನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಮತ್ತೆ ಮೊದಲಿನಿಂದ ಹಚ್ಚಿದ್ದ.