ಕನ್ಯೆ ನೋಡಲು ಹೋದ ಕೆಮ್ಮು

ನನ್ನ ಗುಣಗಳಲ್ಲಿ ಹೆಂಡತಿ ಶಾಂತಾ ಮೆಚ್ಚಿಕೊಂಡದ್ದು ಒಂದನ್ನೇ: ನಾಲ್ಕು ಜನರ ನಡುವೆ ನಾನು ಬಾಯಿ ಮುಚ್ಚಿಕೊಂಡು ಕೂಡುತ್ತೇನೆ. ಸಿಂದಗಿಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲಂತೂ ಅದು ಚೆನ್ನಾಗಿ ರೂಢಿಯಾಗಿತ್ತು. ಅಷ್ಟರಲ್ಲಿ ಬಿಪಿ ಬಂತು, ಬಿಪಿಗೆ ಗುಳಿಗೆ ಬಂತು, ಗುಳಿಗೆ ಶುರುವಾಗಿ ಎರಡು ವಾರಕ್ಕೆ ಒಂದು ಒಣಕೆಮ್ಮೂ ಬಂತು. ಕಫವಿಲ್ಲ, ಜ್ವರವಿಲ್ಲ, ಗಂಟಲಲ್ಲಿ ಯಾರೋ ಕೋಳಿಪುಕ್ಕ ಆಡಿಸಿದಂತೆ. ಜೇಷ್ಠಮಧು, ಅರಿಸಿನದ ಹಾಲು, ಶುಂಠಿ ಕಷಾಯ ಎಲ್ಲ ಕುಡಿದೆ. ಅವನ್ನೆಲ್ಲ ಕುಡಿದು ಕೆಮ್ಮೇ ಗಟ್ಟಿಮುಟ್ಟಾಯಿತು.

ಅದನ್ನು ಕಟ್ಟಿಕೊಂಡೇ ಮಗ ಮಂಜುನಾಥನಿಗೆ ಕನ್ಯೆ ನೋಡಲು ಗೊಳಸಂಗಿಗೆ ಹೋದೆವು. ಹುಡುಗಿ ಭಾರತಿ, ಬಸವನ ಬಾಗೇವಾಡಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ತಂದೆ, "ನಮ್ಮ ಹುಡುಗಿ ಅಡಗಿ ಚಲೋ ಮಾಡ್ತಾಳ್ರಿ" ಅಂದರು. ನಾನು ಕೆಮ್ಮಿದೆ. ಅವರು ತುಸು ತಡೆದು, "ಅಂದ್ರ, ಕಲೀತಾಳ್ರಿ" ಎಂದರು. "ಸಿಟ್ಟು ಅನ್ನೋದು ಗೊತ್ತಿಲ್ರಿ" ಅಂದರು. ಮತ್ತೆ ಕೆಮ್ಮಿದೆ. "ಒಮ್ಮೊಮ್ಮೆ ಬರ್ತೈತ್ರಿ" ಎಂದು ಒಪ್ಪಿಕೊಂಡರು.

ಮಗ ನನ್ನನ್ನು ದುರುಗುಟ್ಟಿ ನೋಡುತ್ತಿದ್ದ. ಹುಡುಗಿ ಅವನ ಮನಸ್ಸಿಗೆ ಬಂದುಬಿಟ್ಟಿದ್ದಳು. ನಾನು ಉಸಿರು ಬಿಗಿಹಿಡಿದೆ. ಕಣ್ಣಲ್ಲಿ ನೀರು ತುಂಬಿ ಕೆಮ್ಮು ಸಿಡಿದೇ ಸಿಡಿಯಿತು. ಅವಳ ತಂದೆ ಎದ್ದು ನಿಂತರು. "ಮನಸ್ಸಿಲ್ಲಂದ್ರ ಬಾಯಿಬಿಟ್ಟು ಹೇಳ್ರಿ ಮಾಸ್ತರ. ಹಿಂಗ ಕೆಮ್ಮಿ ಅವಮಾನ ಮಾಡಬ್ಯಾಡ್ರಿ."

ಇಲ್ಲ ಎನ್ನಲು ಬಾಯಿ ತೆರೆದೆ, ಕೆಮ್ಮೇ ಬಂತು.

ಭಾರತಿ ಚಹಾದ ತಟ್ಟೆ ಕೆಳಗಿಟ್ಟಳು. "ಅಪ್ಪಾ, ಒಂದೀಟು ಕೂಡು. ಮಾಸ್ತರ, ನೀವು ಬಿಪಿ ಗುಳಗಿ ತಗೋತೀರೇನ್ರಿ? ಯಾವುದು?"

ಕಿಸೆಯಿಂದ ತೆಗೆದು ತೋರಿಸಿದೆ.

"ಇದರಿಂದ ಕೆಲವರಿಗೆ ಹಿಂಗ ಒಣಕೆಮ್ಮು ಬರ್ತೈತ್ರಿ. ನೀವಾಗೇ ಗುಳಗಿ ಬಿಡಬ್ಯಾಡ್ರಿ ಮತ್ತ, ಡಾಕ್ಟರಿಗೆ ಹೇಳ್ರಿ. ಬ್ಯಾರೆ ಬರದು ಕೊಡ್ತಾರ."

ಡಾಕ್ಟರು ಗುಳಿಗೆ ಬದಲಿಸಿದರು. ಕೆಲವು ವಾರಗಳಲ್ಲಿ ಕೆಮ್ಮು ಹೋಯಿತು, ಭಾರತಿ ಸೊಸೆಯಾಗಿ ಬಂದಳು. ಆದರೆ ನನಗೊಂದು ಕುತೂಹಲ ಅಂಟಿಕೊಂಡಿತು. ಇಷ್ಟು ಸಣ್ಣ ಗುಳಿಗೆ ಇನ್ನೂ ಏನೇನು ಮಾಡಬಲ್ಲದು? ಹೊಸ ಡಬ್ಬಿಯೊಳಗಿನ ಚೀಟಿಯನ್ನು ಭೂತಗನ್ನಡಿ ಹಿಡಿದು ಓದತೊಡಗಿದೆ. ತಲೆಸುತ್ತು ಎಂದಿತ್ತು, ಸುತ್ತಿತು. ಸುಸ್ತು ಎಂದಿತ್ತು, ಅಲ್ಲೇ ಒರಗಿದೆ. "ಇದರಾಗ ಬರದದ್ದೆಲ್ಲ ನನಗ ಆಗಾಕತ್ತೈತಿ ನೋಡವಾ" ಎಂದು ಸೊಸೆಯನ್ನು ಕರೆದೆ.

ಅವಳು ನನ್ನ ನಾಡಿ ಹಿಡಿದಳು, ಬಿಪಿ ನೋಡಿದಳು. ಆಮೇಲೆ ಚೀಟಿ ಇಸಿದುಕೊಂಡು ಕೊನೆಯತನಕ ಓದಿ, "ಬಸುರಿದ್ದವರು ತಗೋಬಾರದು ಅಂತನೂ ಬರದಾರ್ರಿ, ಮಾವಾರ. ಅದನ್ನೂ ಒಂದೀಟು ನೋಡ್ಕೋರಿ" ಎಂದಳು.

ಅಡುಗೆಮನೆಯಿಂದ ಶಾಂತಾ ನಕ್ಕ ಸದ್ದು ಕೇಳಿತು. ನಾನು ಎದ್ದು ಕುಳಿತೆ. ಸುಸ್ತು ಎಲ್ಲಿ ಹೋಯಿತೋ ತಿಳಿಯಲಿಲ್ಲ.